ಇದು ಯಾವ ಜಿರಳೆ?



ನಾನು ಬಿಎಸ್‌ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವನು ಎಂದು ಗೊತ್ತಾದಾಗಿನಿಂದ ನಮ್ಮ ಯೂತ್ ಗ್ರೂಪಿನವರು ನನಗೆ ಕಳಿಸುವ ಫೋಟೊಗಳೇ ಬೇರೆ. ಉಳಿದವರಿಗೆ ಹುಟ್ಟುಹಬ್ಬದ ಕೇಕು, ಬೀಚಿನ ಸೆಲ್ಫಿ ಹೋಗುತ್ತವೆ. ನನಗೆ ಮಾತ್ರ ಹುಳ, ಹಲ್ಲಿ, ಹಾವಿನ ಪೊರೆ. ಮಳೆಗಾಲ ಹಿಡಿದ ಮೇಲೆ ಬರೀ ಜಿರಳೆ. ಕೆಳಗೆ ಒಂದೇ ಪ್ರಶ್ನೆ: "ಅಣ್ಣಾ, ಇದಕ್ಕ ಯಾವ ಔಷಧ ಹೊಡೀಬೇಕು?" ಮೊದಲು ಅದು ಯಾವ ಜಿರಳೆ ನೋಡು ಎಂದರೆ ಯಾರಿಗೂ ಹಿಡಿಸುವುದಿಲ್ಲ. "ಜಿರಳಿ ಅಂದ್ರ ಜಿರಳಿ, ಅದರಾಗ ಯಾವುದು ಅಂತ ಏನೈತಿ?" ಎಂದು ಒಬ್ಬ ತಂಗಿ ಕೇಳಿಯೇಬಿಟ್ಟಳು. ಅವಳಿಗೆ ಮೆಸೇಜಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ.

ನನ್ನ ಅಕ್ಕನ ಮಗನಿಗೆ ಏಳು ವರ್ಷ. ನಾವೆಲ್ಲ ಗದಗ ಕಡೆಯಿಂದ ಬಂದು ಜುವಾರಿನಗರದ ಒಂದು ಸಾಲುಮನೆಯಲ್ಲಿ ಬಾಡಿಗೆಗಿದ್ದೇವೆ. ಅಕ್ಕನದು ಅದೇ ಸಾಲಿನಲ್ಲಿ ಎರಡು ಗೋಡೆ ಆಚೆಗಿನ ಮನೆ. ಕಳೆದ ಜುಲೈಯಲ್ಲಿ ಹುಡುಗನಿಗೆ ರಾತ್ರಿ ಕೆಮ್ಮು ಶುರುವಾಯಿತು. ಹಗಲು ಚೆನ್ನಾಗಿಯೇ ಇರುತ್ತಿದ್ದ, ಶಾಲೆಗೂ ಹೋಗುತ್ತಿದ್ದ. ನಡುರಾತ್ರಿ ಎದ್ದು ಕುಳಿತು, ಎದೆಯಿಂದ ಸೀಟಿಯಂಥ ಸದ್ದು ಬರುವಷ್ಟು ಉಸಿರಿಗೆ ಒದ್ದಾಡುತ್ತಿದ್ದ. ಮಳೆಯ ಥಂಡಿ ಎಂದು ಅವ್ವ ಎದೆಗೆ ಎಣ್ಣೆ ಹಚ್ಚಿದಳು. ಮೂರನೆಯ ಸಲ ಹೀಗಾದಾಗ ನಾನೇ ಅಕ್ಕನ ಜೊತೆ ಡಾಕ್ಟರ ಹತ್ತಿರ ಹೋದೆ. ಅವರು ಎದೆ ಪರೀಕ್ಷಿಸಿ, ಆಸ್ತಮಾ ಇದ್ದಂತಿದೆ ಎಂದು ಹೇಳಿ, ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಾರಾ? ಗೋಡೆಗೆ ಬೂಷ್ಟು ಬಂದಿದೆಯಾ? ಬೆಕ್ಕು, ನಾಯಿ? ಜಿರಳೆ?

"ಇಲ್ಲ ಡಾಕ್ಟರ್" ಎಂದಳು ಅಕ್ಕ, ಕಣ್ಣು ಕೂಡ ಮಿಟುಕಿಸದೆ.

"ಇವೆ ಡಾಕ್ಟರ್. ಬಹಳ ಇವೆ" ಎಂದೆ ನಾನು.

ಬಸ್ಸಿನಲ್ಲಿ ಮನೆ ಮುಟ್ಟುವ ತನಕ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಗೋವಾದಲ್ಲಿ ಹುಟ್ಟಿ ಬೆಳೆದರೂ ನಮ್ಮಂಥವರ ಬೆನ್ನ ಹಿಂದೆ 'ಘಾಂಟಿ' ಎಂಬ ಮಾತು ತಪ್ಪಿದ್ದಲ್ಲ. ಘಟ್ಟದ ಮೇಲಿನವರು ಎಂದಷ್ಟೇ ಅದರ ಮೂಲ ಅರ್ಥ, ಆದರೆ ಹೇಳುವವರ ಬಾಯಲ್ಲಿ ಅದು ಕೊಳಕು ಜನ ಎಂದಾಗುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಅಂಗಳ ತೊಳೆದು, ಪಾತ್ರೆ ಬೆಳಗಿ, ಆಮೇಲೆ ಬೇರೆಯವರ ಫ್ಲ್ಯಾಟಿನಲ್ಲೂ ನೆಲ ಒರೆಸಿ ಬರುವ ಹೆಂಗಸು ಬಿಳಿ ಕೋಟಿನವರ ಎದುರು 'ನಮ್ಮ ಮನೆಯಲ್ಲಿ ಜಿರಳೆ ಇವೆ' ಎಂದು ಹೇಗೆ ಒಪ್ಪಿಕೊಂಡಾಳು? ಅವಳೇ ಎರಡು ದಿನ ಬಿಟ್ಟು ಹೇಳಿದ ಪ್ರಕಾರ, ಅವಳು ಕೆಲಸ ಮಾಡುವ ಆ ಫ್ಲ್ಯಾಟಿನ ಗ್ಯಾಸ್ ಒಲೆಯ ಕೆಳಗೂ ಅವೇ ಜಿರಳೆ. ಅವುಗಳಿಗೆ ಬಾಡಿಗೆ ಎಷ್ಟು ಎಂಬ ಲೆಕ್ಕ ಗೊತ್ತಿಲ್ಲ. ಬೆಚ್ಚಗಿನ ಸಂದಿ, ಒಂದು ಹನಿ ನೀರು, ಒಂದಿಷ್ಟು ಎಂಜಲು ಸಿಕ್ಕರೆ ಸಾಕು.

ಈಗ ಆ ತಂಗಿಯ ಪ್ರಶ್ನೆಗೆ ಬರೋಣ. ಲೋಕದಲ್ಲಿ ಜಿರಳೆಯ ಜಾತಿಗಳು ನಾಲ್ಕು ಸಾವಿರಕ್ಕಿಂತ ಹೆಚ್ಚು. ಬಹುಪಾಲು ಕಾಡಿನಲ್ಲಿ ಒಣಗಿದ ಎಲೆ, ಕೊಳೆತ ಮರ ತಿಂದು ತಮ್ಮ ಪಾಡಿಗೆ ಇರುತ್ತವೆ. ಮನುಷ್ಯರ ಮನೆಗೆ ಅಂಟಿಕೊಂಡವು ಬೆರಳೆಣಿಕೆಯಷ್ಟು. ನಮ್ಮ ಕರಾವಳಿಯ ಮನೆಗಳಲ್ಲಿ ಮುಖ್ಯವಾಗಿ ಎರಡನ್ನು ಬೇರ್ಪಡಿಸಲು ಕಲಿತರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲನೆಯದು ಬಚ್ಚಲಿನ ದೊಡ್ಡ ಜಿರಳೆ. ಪುಸ್ತಕದ ಹೆಸರು ಪೆರಿಪ್ಲಾನೆಟಾ ಅಮೆರಿಕಾನಾ, ಅಮೆರಿಕನ್ ಜಿರಳೆ. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಕೆಂಪು ಬೆರೆತ ಕಂದು ಬಣ್ಣ. ತಲೆಯ ಹಿಂದಿನ ಗುರಾಣಿಯಂಥ ಭಾಗದ ಅಂಚಿಗೆ ತಿಳಿ ಹಳದಿ ಪಟ್ಟಿ ಇರುತ್ತದೆ. ವಿಜ್ಞಾನ ತೆಗೆದುಕೊಂಡವರು ಹನ್ನೊಂದನೆಯ ತರಗತಿಯಲ್ಲಿ ಇದರ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದ್ದು ನೆನಪಿರಬಹುದು. ನಮಗಿಂತ ಹಿರಿಯರು ಕಾಲೇಜಿನಲ್ಲಿ ಇದನ್ನು ಮೇಣದ ತಟ್ಟೆಗೆ ಪಿನ್ ಹೊಡೆದು ಕೊಯ್ಯುತ್ತಿದ್ದರು. 2014ರಲ್ಲಿ ಯುಜಿಸಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಲು ಹೇಳಿದ ಮೇಲೆ ಬಂದ ನಮ್ಮ ಬ್ಯಾಚಿಗೆ ಆ ಭಾಗ್ಯ ಸಿಗಲಿಲ್ಲ. ಹೆಸರಿನಲ್ಲಿ ಅಮೆರಿಕ ಇದ್ದರೂ ಇದರ ಮೂಲ ಆಫ್ರಿಕಾ. ಹಡಗು ಹತ್ತಿ ಅಮೆರಿಕ ಸೇರಿತು, 1758ರಲ್ಲಿ ಲಿನೇಯಸ್ ಅಲ್ಲಿಯ ಹೆಸರನ್ನೇ ಇಟ್ಟ.

ಇದು ಮನೆಯೊಳಗೆ ಸಂಸಾರ ಹೂಡುವುದು ಕಡಿಮೆ. ಇದರ ಊರು ಗಟಾರ, ಸೆಪ್ಟಿಕ್ ಟ್ಯಾಂಕು, ಚೇಂಬರು. ಜೂನ್ ಜುಲೈಯ ಮಳೆಗೆ ಗಟಾರ ತುಂಬಿದಾಗ ಪೈಪು ಹಿಡಿದು ಮೇಲೆ ಬರುತ್ತದೆ. ಸೆಕೆಯ ರಾತ್ರಿ ರೆಕ್ಕೆ ಬಿಚ್ಚಿ ಹಾರಿಬಂದು, ರೋಸರಿ ಮಾಡುತ್ತ ಕುಳಿತವರನ್ನೆಲ್ಲ ಒಮ್ಮೆಗೇ ಎಬ್ಬಿಸುವುದೂ ಇದೇ. ಮೊಟ್ಟೆಯ ಚೀಲ ಕಪ್ಪುಗಂದು ಬಣ್ಣದ್ದು, ಎಂಟು ಮಿಲಿಮೀಟರ್ ಇರುತ್ತದೆ, ಒಳಗೆ 14ರಿಂದ 16 ಮೊಟ್ಟೆ. ಹೆಣ್ಣು ಅದನ್ನು ಯಾವುದಾದರೂ ಸಂದಿಯಲ್ಲಿ ಅಂಟಿಸಿ ಹೋಗುತ್ತದೆ. ನಮ್ಮ ಹಾಲಿನಲ್ಲಿ ಕ್ರಿಸ್ಮಸ್ ಗೋದಲಿಯ ಸಾಮಾನು ಇಡುವ ರಟ್ಟಿನ ಡಬ್ಬಿ ಬಿಚ್ಚಿದಾಗ ತಳದಲ್ಲಿ ಸಾಲಾಗಿ ಕಂಡ 'ಕಪ್ಪು ಕಾಳು'ಗಳು ಇವೇ. ಅದರ ಹಿಕ್ಕೆ ತುಸು ದಪ್ಪ, ಮೈಮೇಲೆ ಗೆರೆ ಇರುತ್ತದೆ. ಎಷ್ಟೋ ಜನ ಇಲಿಯದು ಎಂದು ತಪ್ಪು ತಿಳಿದು ಇಲಿಪಾಷಾಣ ತರುತ್ತಾರೆ.

ಎರಡನೆಯದು ಅಡುಗೆಮನೆಯ ಸಣ್ಣ ಜಿರಳೆ. ಬ್ಲಾಟೆಲ್ಲಾ ಜರ್ಮಾನಿಕಾ, ಜರ್ಮನ್ ಜಿರಳೆ. ಹುಣಸೆಬೀಜದಷ್ಟು, ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ತಿಳಿ ಕಂದು ಬಣ್ಣ. ತಲೆಯ ಹಿಂದೆ ಎರಡು ಕಪ್ಪು ಗೆರೆ ಅಕ್ಕಪಕ್ಕ ಉದ್ದಕ್ಕೆ ಎಳೆದಂತಿರುತ್ತವೆ. ಈ ಎರಡು ಗೆರೆ ಕಂಡರೆ ಬೇರೆ ಏನನ್ನೂ ನೋಡಬೇಕಿಲ್ಲ. ರೆಕ್ಕೆ ಇದ್ದರೂ ಹಾರಲು ಬಾರದು, ಓಟ ಮಾತ್ರ ಜೋರು. ಮರಿಗಳು ಕಪ್ಪಗೆ, ಬೆನ್ನ ನಡುವೆ ಒಂದು ತಿಳಿ ಪಟ್ಟಿ. "ದೊಡ್ಡ ಜಿರಳೆಯ ಮರಿ ಇರಬೇಕು" ಎಂದು ಇದನ್ನು ತಳ್ಳಿಹಾಕುವವರು ಬಹಳ, ಆದರೆ ಇದು ಬೇರೆಯದೇ ಜಾತಿ, ಮತ್ತು ಇಬ್ಬರಲ್ಲಿ ಹೆಚ್ಚು ಕಷ್ಟ ಕೊಡುವುದು ಇದೇ. ಹೆಣ್ಣು ಮೊಟ್ಟೆಯ ಚೀಲವನ್ನು ಮರಿಯಾಗುವ ಹೊತ್ತಿನ ತನಕ ಬಾಲದ ತುದಿಯಲ್ಲೇ ಹೊತ್ತು ತಿರುಗುತ್ತದೆ. ಒಂದು ಚೀಲದಲ್ಲಿ 30ರಿಂದ 40 ಮರಿ. ನಮ್ಮಲ್ಲಿಯ ಸೆಕೆಗೆ ಎರಡು ತಿಂಗಳಲ್ಲಿ ಆ ಮರಿಗಳೂ ಮೊಟ್ಟೆ ಇಡುವ ಹಂತಕ್ಕೆ ಬರುತ್ತವೆ. ಫ್ರಿಜ್ಜಿನ ಮೋಟರಿನ ಪಕ್ಕ, ಮಿಕ್ಸರಿನ ತಳ, ಒಲೆಯ ಕೆಳಗೆ, ಕಪಾಟಿನ ಕೀಲುಗಳ ಸಂದಿಯಲ್ಲಿ ಚಹಾಪುಡಿ ಚೆಲ್ಲಿದಂತೆ ಕಾಣುವುದು ಇದರ ಹಿಕ್ಕೆ. ಆ ಹಿಕ್ಕೆಯ ವಾಸನೆಯೇ ಉಳಿದ ಜಿರಳೆಗಳನ್ನು ಅಲ್ಲಿಗೆ ಕರೆಯುತ್ತದೆ.

ಈ ಜರ್ಮನ್ ಜಿರಳೆಯ ಕಥೆ ನನಗೆ ಬಹಳ ಇಷ್ಟ. ಹೆಸರು ಕೊಟ್ಟದ್ದು 1767ರಲ್ಲಿ, ಅದೇ ಲಿನೇಯಸ್. ಆದರೆ ಇದು ಜರ್ಮನಿಯದಲ್ಲ. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಹಲವು ದೇಶಗಳ ಜಿರಳೆಗಳ ಡಿಎನ್‌ಎ ಹೋಲಿಸಿ ನೋಡಿದರು. ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರ್ ಕಡೆ, ಹೊಲಗದ್ದೆಯ ಏಷ್ಯನ್ ಜಿರಳೆಯೊಂದು ಮನುಷ್ಯರ ಮನೆಗೆ ಒಗ್ಗಿಕೊಂಡು ಹೊಸ ಜಾತಿಯಾಯಿತು ಎಂದು ಅವರ ಲೆಕ್ಕ. ಸುಮಾರು 1,200 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದತ್ತ ಹೊರಟಿತು. ಸುಮಾರು 390 ವರ್ಷಗಳ ಹಿಂದೆ, ಯುರೋಪಿನ ವ್ಯಾಪಾರಿಗಳ ಕಾಲದಲ್ಲಿ, ಪೂರ್ವದತ್ತ ಹೋಯಿತು. ಯುರೋಪು ಮುಟ್ಟಿದ್ದು ಆಮೇಲೆ. ಯಾವ ಹಡಗಿನಲ್ಲಿ ಹೋಯಿತೋ, ಆಗ ಹಳೇ ಗೋವಾದ ಬಂದರಿನಲ್ಲಿ ಹಡಗುಗಳಿಗೇನೂ ಬರವಿರಲಿಲ್ಲ. ಹೊರಗಿನಿಂದ ಬಂದವರು ಜಿರಳೆ ತಂದರು ಎಂದು ಯಾರಾದರೂ ಹೇಳಿದರೆ ಈ ಡಿಎನ್‌ಎ ಲೆಕ್ಕ ಅವರಿಗೂ ಹೇಳಿ.

ಇನ್ನೆರಡನ್ನು ಬೇಗ ಹೇಳಿಬಿಡುತ್ತೇನೆ. ಸಣ್ಣದೇ ಆದರೂ ತಲೆಯ ಹಿಂದೆ ಎರಡು ಗೆರೆ ಇಲ್ಲದೆ, ರೆಕ್ಕೆಗೆ ಅಡ್ಡಲಾಗಿ ತಿಳಿ ಪಟ್ಟಿಗಳಿದ್ದರೆ ಅದು ಸುಪೆಲ್ಲಾ. ಅದಕ್ಕೆ ನೀರು ಅಷ್ಟಾಗಿ ಬೇಡ. ಹಾಗಾಗಿ ಅಡುಗೆಮನೆ ಬಿಟ್ಟು ಟಿವಿಯ ಹಿಂದೆ, ಗಡಿಯಾರದ ಹಿಂದೆ, ಪವಿತ್ರ ಹೃದಯದ ಪಟದ ಹಿಂದೆ ಎತ್ತರದಲ್ಲಿ ಇರುತ್ತದೆ. ದೊಡ್ಡ ಜಿರಳೆಯಂತೆಯೇ ಇದ್ದು ಹೆಗಲ ಅಂಚಿನಲ್ಲಿ ಹಳದಿ ಗೀರು ಇದ್ದರೆ ಅದು ಆಸ್ಟ್ರೇಲಿಯನ್ ಜಿರಳೆ, ತೋಟ ಮತ್ತು ಹೂಕುಂಡದ ಕಡೆಯದು. ಬಿಳಿ ಜಿರಳೆ ಕಂಡಿತು ಎಂದು ಇಬ್ಬರು ಫೋಟೊ ಕಳಿಸಿದ್ದರು. ಅದು ಹೊಸ ಜಾತಿಯಲ್ಲ, ಆಗಷ್ಟೇ ಪೊರೆ ಬಿಟ್ಟ ಮಾಮೂಲಿ ಜಿರಳೆ. ಕೆಲವು ತಾಸಿನಲ್ಲಿ ಕಂದಾಗುತ್ತದೆ.

ಆರೋಗ್ಯದ ಮಾತಿಗೆ ಬಂದರೆ, ಎಲ್ಲರ ಬಾಯಲ್ಲೂ ಮೊದಲು ಬರುವುದು ವಾಂತಿಭೇದಿ. ಅದರಲ್ಲಿ ಸತ್ಯವಿದೆ. ಗಟಾರದಲ್ಲಿ ತಿರುಗಿದ ಕಾಲಿನಲ್ಲೇ ರೊಟ್ಟಿಬುಟ್ಟಿಯ ಮೇಲೂ ತಿರುಗುವ ಪ್ರಾಣಿ ಇದು. ತಿನ್ನುತ್ತಲೇ ಒಂದಿಷ್ಟು ಕಕ್ಕುತ್ತದೆ, ಅಲ್ಲೇ ಹಿಕ್ಕೆ ಹಾಕುತ್ತದೆ. ಜಿರಳೆಯ ಮೈಮೇಲೆ ಮತ್ತು ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ, ಇ. ಕೊಲೈ, ಸ್ಟೆಫಿಲೊಕಾಕಸ್ ರೋಗಾಣುಗಳನ್ನೂ ಹೊಟ್ಟೆಹುಳದ ಮೊಟ್ಟೆಗಳನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಸೊಳ್ಳೆ ಮಲೇರಿಯಾವನ್ನು ತನ್ನೊಳಗೆ ಬೆಳೆಸಿ ಚುಚ್ಚುವಂತೆ ಅಲ್ಲ ಇದು, ಸುಮ್ಮನೆ ಹೊತ್ತು ತಂದು ಇಳಿಸುವ ಹಮಾಲಿ ಕೆಲಸ. ಆದರೂ ಮನೆಯಲ್ಲಿ ಯಾರಿಗೋ ಭೇದಿಯಾದರೆ ಜಿರಳೆಯ ತಲೆಗೇ ಕಟ್ಟಬೇಡಿ. ಕುಡಿಯುವ ನೀರು, ತೊಳೆಯದ ಕೈ, ನೊಣ ಇವನ್ನು ಮೊದಲು ನೋಡಿ. ಇನ್ನೊಂದು, ಮಲಗಿದವರ ಕಿವಿಯೊಳಗೆ ಸಣ್ಣ ಜಿರಳೆ ಹೋಗುವುದು ಕಟ್ಟುಕಥೆಯಲ್ಲ. ಹಾಗಾದರೆ ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಜನ ಮಾತಾಡದೇ ಇರುವುದು ಉಸಿರಿನ ವಿಷಯ. ಜಿರಳೆಯ ಹಿಕ್ಕೆ, ಜೊಲ್ಲು, ಬಿಟ್ಟ ಪೊರೆ, ಸತ್ತ ದೇಹ ಒಣಗಿ ಪುಡಿಯಾಗಿ ಮನೆಯ ಧೂಳಿನಲ್ಲಿ ಸೇರುತ್ತವೆ. ಅದರಲ್ಲಿನ ಕೆಲವು ಪ್ರೊಟೀನುಗಳು ಕೆಲವರ ದೇಹಕ್ಕೆ ಆಗುವುದಿಲ್ಲ. ಬೆಕ್ಕಿನ ಅಲರ್ಜಿಯ ಕಣಗಳಂತೆ ಇವು ಗಾಳಿಯಲ್ಲಿ ಬಹಳ ಹೊತ್ತು ತೇಲುವುದಿಲ್ಲ, ಭಾರವಾಗಿ ಕೆಳಗೆ ಕೂರುತ್ತವೆ. ಹಾಸಿಗೆ ಕೊಡವಿದಾಗ, ಒಣ ಪೊರಕೆಯಲ್ಲಿ ಗುಡಿಸಿದಾಗ ಏಳುತ್ತವೆ. ಒಂದೇ ಕೋಣೆಯಲ್ಲಿ ಒಲೆ, ಊಟ, ಹಾಸಿಗೆ ಎಲ್ಲ ಇರುವ ನಮ್ಮಂಥ ಮನೆಯಲ್ಲಿ ಒಲೆಯ ಕೆಳಗಿನದು ಹಾಸಿಗೆಗೆ ಬರಲು ಎಷ್ಟು ದೂರ?

1997ರಲ್ಲಿ ಅಮೆರಿಕದ ಎಂಟು ನಗರಗಳ ಬಡ ಬಡಾವಣೆಗಳಲ್ಲಿ ಆಸ್ತಮಾ ಇದ್ದ 4ರಿಂದ 9 ವರ್ಷದ 476 ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ಸುಮಾರು 37% ಮಕ್ಕಳಿಗೆ ಜಿರಳೆಯ ಅಲರ್ಜಿ ಇತ್ತು. ಅರ್ಧದಷ್ಟು ಮಕ್ಕಳ ಮಲಗುವ ಕೋಣೆಯ ಧೂಳಿನಲ್ಲಿ ಜಿರಳೆಯ ಅಂಶ ಹೆಚ್ಚಿತ್ತು. ಅಲರ್ಜಿಯೂ ಇದ್ದು, ಕೋಣೆಯಲ್ಲಿ ಆ ಅಂಶವೂ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ 3.4 ಪಟ್ಟು ಹೆಚ್ಚು ಸಲ ಆಸ್ಪತ್ರೆಗೆ ದಾಖಲಾಗಿದ್ದರು. ಧೂಳಿನ ನುಸಿಗೂ ಬೆಕ್ಕಿಗೂ ಇಂಥ ನಂಟು ಅಲ್ಲಿ ಕಾಣಲಿಲ್ಲ. ಓದಿದಾಗ ನನಗೆ ನೆನಪಾದದ್ದು ಡಾಕ್ಟರ ಆ ನಾಲ್ಕು ಪ್ರಶ್ನೆ. ಅದು ಮನೆತನ ಅಳೆಯುವ ಪ್ರಶ್ನೆಯಾಗಿರಲಿಲ್ಲ, ಜ್ವರ ಎಷ್ಟಿದೆ ಎಂದು ಕೇಳಿದ ಹಾಗೆ ಅಷ್ಟೇ. ಇದನ್ನು ಅಕ್ಕನಿಗೆ ಹೇಳಿದೆ. "ಹಂಗಾರ ಹಂಗ ಕೇಳಬೇಕಿತ್ತು" ಎಂದಳು.

ಗೋವಾದವರಿಗೆಂದೇ ಒಂದು ಮಾತು. ಜಿರಳೆಯಲ್ಲಿರುವ ಟ್ರೋಪೊಮಯೊಸಿನ್ ಎಂಬ ಪ್ರೊಟೀನನ್ನು ಹೋಲುವಂಥದ್ದು ಸೀಗಡಿಯಲ್ಲೂ ಇದೆ. ಜಿರಳೆಯ ಅಲರ್ಜಿ ಇರುವ ಕೆಲವರಿಗೆ ಸೀಗಡಿ ತಿಂದಾಗಲೂ ತುಟಿ ಊದಿಕೊಳ್ಳಬಹುದು, ತುರಿಕೆ ಬರಬಹುದು. ಎಲ್ಲರಿಗೂ ಹಾಗಾಗುವುದಿಲ್ಲ, ಸುಮ್ಮನೆ ಸೀಗಡಿ ಬಿಡಬೇಡಿ. ಹಾಗೆ ಆಗಿದ್ದರೆ ಡಾಕ್ಟರಿಗೆ ಹೇಳಿ.

ನಮ್ಮ ಸಾಲಿನಲ್ಲಿ ಮುಂಚೆ ನಡೆಯುತ್ತಿದ್ದ ಪದ್ಧತಿ ಎಂದರೆ ಸ್ಪ್ರೇ. ಸಂಬಳವಾದ ವಾರ ಒಂದು ಡಬ್ಬಿ ತಂದು ಬಾಗಿಲು ಹಾಕಿ ಹೊಡೆಯುವುದು. ಎದುರಿಗೆ ಕಂಡ ಹತ್ತು ಸಾಯುತ್ತವೆ, ಉಳಿದವು ಗೋಡೆಯ ಸಂದಿಯಿಂದ ಪಕ್ಕದ ಮನೆಗೆ ಹೋಗುತ್ತವೆ. ಮುಂದಿನ ವಾರ ಪಕ್ಕದವರು ಹೊಡೆದಾಗ ವಾಪಸು ಬರುತ್ತವೆ. ನಮ್ಮ ಎಂಟು ಮನೆಗಳ ನಡುವೆ ಅವುಗಳಿಗೆ ಇದೊಂದು ಪ್ರವಾಸ. ಆಸ್ತಮಾ ಇರುವ ಮಗು ಮಲಗುವ ಕೋಣೆಯಲ್ಲಿ ಆ ಸ್ಪ್ರೇಯ ಹೊಗೆಯೇ ಉಸಿರು ಕಟ್ಟಿಸಬಹುದು. ಚಾಕ್‌ಪೀಸ್ ಗೀರೆಳೆಯುವುದೂ ಹಾಗೆಯೇ, ಅದೂ ವಿಷ. ತೆವಳುವ ಕೂಸಿನ ಕೈಗೆ ಸಿಗುವ ಎತ್ತರದಲ್ಲಿ, ಬರೆಯುವ ಸೀಮೆಸುಣ್ಣದ ರೂಪದಲ್ಲಿ ವಿಷ ಇಡುವುದು ಯಾವ ಜಾಣತನ ಎಂದು ನನಗೆ ತಿಳಿಯುವುದಿಲ್ಲ.

ಇಲ್ಲಿಯೇ ಜಾತಿ ಗುರುತಿಸಿದ್ದು ಉಪಯೋಗಕ್ಕೆ ಬರುವುದು. ದೊಡ್ಡ ಜಿರಳೆ ಬರುತ್ತಿದ್ದರೆ ಅಡುಗೆಮನೆಯಲ್ಲಿ ಔಷಧ ಹೊಡೆದು ಫಲವಿಲ್ಲ, ಅದು ಬರುವ ದಾರಿ ಮುಚ್ಚಬೇಕು. ಬಚ್ಚಲಿನ ಜಾಲರಿ ಒಡೆದಿದ್ದರೆ ಹೊಸದು ಹಾಕಿ, ರಾತ್ರಿ ಅದರ ಮೇಲೆ ಒಂದು ಮುಚ್ಚಳ ಇಡಿ, ಸಿಂಕಿನ ಪೈಪು ಗೋಡೆಗೆ ಹೋಗುವ ಕಡೆ ಸಿಮೆಂಟು ಮೆತ್ತಿ, ಚೇಂಬರಿನ ಮುಚ್ಚಳ ಸರಿಮಾಡಲು ಮನೆಮಾಲಕರಿಗೆ ಹೇಳಿ. ನಮ್ಮ ಮಾಲಕರು ಮೂರು ಸಲ 'ಬಗ್ತಾಂ' ಎಂದರು. ನಾಲ್ಕನೆಯ ಸಲ ಎಂಟೂ ಮನೆಯವರು ಒಟ್ಟಿಗೆ ಹೋದೆವು, ವಾರದಲ್ಲಿ ಮುಚ್ಚಳ ಬಂತು.

ಸಣ್ಣ ಜಿರಳೆ ಹೊರಗಿನಿಂದ ದಿನಾ ಬರುವುದಲ್ಲ, ಒಳಗೇ ಇರುವುದು. ರಾತ್ರಿ ಹನ್ನೊಂದರ ಮೇಲೆ ಟಾರ್ಚ್ ಹಿಡಿದು ಫ್ರಿಜ್ಜು, ಒಲೆ, ಮಿಕ್ಸರ್ ಎತ್ತಿ ನೋಡಿ ಅದರ ಠಿಕಾಣಿ ಹುಡುಕಬೇಕು. ಅದಕ್ಕೆ ಜೆಲ್ ಒಳ್ಳೆಯದು. ಸಿರಿಂಜಿನಲ್ಲಿ ಬರುತ್ತದೆ, ಫಿಪ್ರೊನಿಲ್ ಅಥವಾ ಇಮಿಡಾಕ್ಲೊಪ್ರಿಡ್ ಇರುವಂಥದ್ದು. ಸಂದಿಗಳ ಒಳಗೆ, ಮಕ್ಕಳ ಕೈ ಹೋಗದ ಕಡೆ, ಸಾಸಿವೆ ಕಾಳಿನಷ್ಟು ಚುಕ್ಕೆಗಳನ್ನು ಇಡಬೇಕು. ತಿಂದದ್ದು ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಉಳಿದವೂ ಸಾಯುತ್ತವೆ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಬಾರದು, ಹೊಡೆದರೆ ಅವು ಆ ಕಡೆ ಸುಳಿಯುವುದೇ ಇಲ್ಲ. ಒಂದೇ ಕಂಪನಿಯ ಜೆಲ್ ವರ್ಷಗಟ್ಟಲೆ ಹಾಕುವುದೂ ಬೇಡ. ಅಮೆರಿಕದಲ್ಲಿ ಸಿಹಿ ಬೆರೆಸಿದ ವಿಷಕ್ಕೆ ಕೆಲವು ಜರ್ಮನ್ ಜಿರಳೆಗಳು ಬಾಯೇ ಹಾಕದಿದ್ದುದು 1993ರಲ್ಲಿ ವರದಿಯಾಯಿತು. ಗ್ಲೂಕೋಸು ಅವುಗಳ ನಾಲಿಗೆಗೆ ಕಹಿಯಾಗಿ ತಾಗುತ್ತದೆ ಎಂದು 2013ರಲ್ಲಿ ತೋರಿಸಿದರು. ಸಕ್ಕರೆ ಬಿಟ್ಟ ಜಿರಳೆ! ನಮ್ಮ ಅಪ್ಪನಿಗೆ ಡಾಕ್ಟರು ಎಷ್ಟು ಹೇಳಿದರೂ ಆಗದ್ದು.

ಜೆಲ್ ಕೆಲಸ ಮಾಡಬೇಕಾದರೆ ಅವಕ್ಕೆ ಬೇರೆ ಊಟ ಸಿಗಬಾರದು. ಜಿರಳೆ ಊಟವಿಲ್ಲದೆ ಒಂದು ತಿಂಗಳ ತನಕ ಇರಬಲ್ಲದು, ನೀರಿಲ್ಲದೆ ಒಂದೆರಡು ವಾರವೇ ಕಷ್ಟ. ಹಾಗಾಗಿ ರಾತ್ರಿ ಸಿಂಕು ಒರೆಸಿ ಒಣಗಿಸುವುದು, ಸೋರುವ ನಲ್ಲಿಗೆ ವಾಷರ್ ಹಾಕುವುದು ಎಂಜಲು ತೆಗೆಯುವುದಕ್ಕಿಂತ ಮುಖ್ಯ. ಊರಿಂದ ಜೋಳ, ಕಡಲೆ ಬಂದ ರಟ್ಟಿನ ಡಬ್ಬಿಗಳನ್ನು ಮಂಚದ ಕೆಳಗೆ ಪೇರಿಸಿಡಬೇಡಿ. ಆ ರಟ್ಟಿನ ಅಂಟೂ ಅವುಗಳಿಗೆ ಊಟ. ಮೊದಲ ಸುತ್ತು ಮುಗಿದು ಎರಡು ಮೂರು ವಾರಕ್ಕೆ ಮೊಟ್ಟೆಯೊಡೆದ ಮರಿಗಳು ಕಾಣುತ್ತವೆ, ಆಗ ಇನ್ನೊಂದು ಸುತ್ತು ಇಡಬೇಕು. ಇಷ್ಟಾದರೂ ಧೂಳಿನಲ್ಲಿ ಹಳೆಯ ಹಿಕ್ಕೆ, ಪೊರೆ ತಿಂಗಳುಗಟ್ಟಲೆ ಉಳಿಯುತ್ತವೆ. ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಒರೆಸುವಾಗ ಆಸ್ತಮಾ ಇರುವ ಮಗು ಮನೆಯೊಳಗೆ ಬೇಡ.

ಹುಡುಗನ ಬಗ್ಗೆ ಕೇಳುವವರಿಗೆ: ಅವನಿಗೆ ಡಾಕ್ಟರು ಕೊಟ್ಟ ಇನ್‌ಹೇಲರ್ ನಡೆದೇ ಇದೆ. ಈ ವರ್ಷ ರಾತ್ರಿ ಏಳುವುದು ಕಡಿಮೆಯಾಗಿದೆ. ಅದು ಇನ್‌ಹೇಲರಿನಿಂದಲೋ ಜಿರಳೆ ಹೋದದ್ದರಿಂದಲೋ ಎಂದು ಬೇರ್ಪಡಿಸಿ ಹೇಳಲಾರೆ. ಒಂದನ್ನು ನಿಲ್ಲಿಸಿ ಪರೀಕ್ಷೆ ಮಾಡಲು ಅವನೇನು ಪ್ರಯೋಗಶಾಲೆಯ ಪ್ರಾಣಿಯಲ್ಲ. "ಇನ್‌ಹೇಲರ್ ಒಮ್ಮೆ ಹಿಡಿದರ ಬಿಡಂಗಿಲ್ಲ, ಚಟ ಆಗ್ತೈತಿ" ಎಂದು ಪಕ್ಕದ ಮನೆಯ ಚಿಕ್ಕಮ್ಮ ಅಕ್ಕನನ್ನು ಹೆದರಿಸುತ್ತಿದ್ದರು. ಅದು ಚಟವಲ್ಲ, ಔಷಧ ನೇರವಾಗಿ ಶ್ವಾಸಕೋಶಕ್ಕೆ ಮುಟ್ಟುವ ದಾರಿ. ಜಿರಳೆ ಓಡಿಸಿದೆವು ಎಂದು ಯಾರೂ ಡಾಕ್ಟರಿಗೆ ಹೇಳದೆ ಔಷಧ ನಿಲ್ಲಿಸಬೇಡಿ.

ಈ ಶನಿವಾರ ಸಂಜೆ ಐದಕ್ಕೆ ಪ್ಯಾರಿಷ್ ಹಾಲಿನ ಅಡುಗೆಮನೆ ನೋಡುವುದಿದೆ. ಹಬ್ಬದ ಊಟಕ್ಕೆ ಇನ್ನು ಹೆಚ್ಚು ದಿನವಿಲ್ಲ. ಅಲ್ಲಿಯ ದೊಡ್ಡ ಒಲೆ ಸರಿಸಲು ನಾಲ್ವರು ಹುಡುಗರು ಬೇಕು. ಟಾರ್ಚ್, ಹಳೆ ಬಟ್ಟೆ, ಒಂದು ಬಕೆಟ್ ತನ್ನಿ. ಜೆಲ್ಲಿನ ಸಿರಿಂಜು ಈಗ ಅಕ್ಕನ ಹತ್ತಿರ ಇದೆ. ಚಿಕ್ಕಮ್ಮನ ಮನೆಯಲ್ಲಿ ಎಲ್ಲೆಲ್ಲಿ ಇಡಬೇಕು ಎಂದು ತೋರಿಸಲು ಹೋಗಿದ್ದಾಳೆ, ಶನಿವಾರದೊಳಗೆ ಇಸಿದುಕೊಳ್ಳುತ್ತೇನೆ.